ಇಪ್ಪತ್ತೆಂಟು ಜನರ ದುಡಿಮೆ, ಒಬ್ಬರ ನಿವೃತ್ತಿ

ಕಾಪುವಿನಲ್ಲಾಗಲಿ ಕಾರ್ಕಳದಲ್ಲಾಗಲಿ, ಗಲ್ಫಿನಿಂದ ರಜೆಯ ಮೇಲೆ ಬಂದವರಿಗೆ ಊರು ಕೇಳುವುದು ಎರಡೇ ಪ್ರಶ್ನೆ. ಏಪ ಬತ್ತಿನಿ? ಏಪ ಪೋಪಿನಿ? ಯಾವಾಗ ಬಂದದ್ದು, ಯಾವಾಗ ಹೋಗುವುದು? ಮದುವೆ ಹಾಲಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಕೋಲದ ಗದ್ದೆಯಲ್ಲಿ, ಎಲ್ಲಿ ಸಿಕ್ಕರೂ ಇವೇ ಎರಡು. ‘ಇನ್ನು ಹೋಗುವುದಿಲ್ಲ’ ಎಂಬ ಉತ್ತರ ಬಂದರೆ ಮಾತ್ರ ಕೇಳಿದವರು ಒಂದು ಗಳಿಗೆ ತಡವರಿಸುತ್ತಾರೆ, ಆಮೇಲೆ ಮಳೆಯ ವಿಷಯಕ್ಕೆ ಹೊರಳುತ್ತಾರೆ. ಹಾಗಾದರೆ ಮುಂದೆ ಬದುಕುವುದು ಹೇಗೆ ಎಂಬ ಮೂರನೆಯ ಪ್ರಶ್ನೆಯನ್ನು ಊರು ಸೌಜನ್ಯಕ್ಕಾಗಿ ಕೇಳುವುದಿಲ್ಲ. ಸರಕಾರವೂ ಕೇಳುವುದಿಲ್ಲ, ಅದಕ್ಕೆ ಸೌಜನ್ಯ ಕಾರಣವೆಂದು ನನಗನ್ನಿಸುವುದಿಲ್ಲ.

ಈಚೆಗೆ ‘ನಿವೃತ್ತಿಯ ನಂತರ ವಿದೇಶದಲ್ಲಿ ನೆಲೆಸಿ’ ಎಂಬ ಮಾತು ಬಹಳ ಚಲಾವಣೆಯಲ್ಲಿದೆ. ಥಾಯ್ಲೆಂಡಿನಲ್ಲಿ 50 ದಾಟಿರಬೇಕು, ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಮಲೇಷಿಯಾ 2024ರಲ್ಲಿ ಬದಲಿಸಿದ ನಿಯಮದ ಪ್ರಕಾರ, ಬೆಳ್ಳಿ ದರ್ಜೆಗೇ ಒಂದೂವರೆ ಲಕ್ಷ ಅಮೆರಿಕನ್ ಡಾಲರ್ ಠೇವಣಿ. ಆಸ್ಟ್ರೇಲಿಯಾದಲ್ಲಿರುವ ಮಗಳ ಹತ್ತಿರ ಹೋಗಿ ಕಾಯಂ ಇರುತ್ತೇವೆ ಅಂದರೆ, ದುಡ್ಡು ಕಟ್ಟಿ ಬೇಗ ಪಡೆಯುವ ಪೋಷಕರ ವೀಸಾಕ್ಕೆ ಎರಡನೆಯ ಕಂತೇ ತಲೆಗೆ 43,600 ಆಸ್ಟ್ರೇಲಿಯನ್ ಡಾಲರ್. ಇಷ್ಟನ್ನು ಹೊರಗೆ ಕಳಿಸಲು ರಿಸರ್ವ್ ಬ್ಯಾಂಕಿನ ಅಡ್ಡಿಯೂ ಇಲ್ಲ. ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನವರೆಗೆ ಕಳಿಸಬಹುದು. ಮಣಿಪಾಲದ ಅಪಾರ್ಟ್‌ಮೆಂಟಿನಲ್ಲಿ ಕೂತು ಇದನ್ನೆಲ್ಲ ಲೆಕ್ಕ ಹಾಕುವ ನಿವೃತ್ತ ದಂಪತಿಗಳಿದ್ದಾರೆ. ಅವರ ಚಿಂತೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅವರಿಗೆ ಹೋಗುವ, ಹೋಗದಿರುವ ಆಯ್ಕೆಯಿದೆ. ನಾನು ಹೇಳಹೊರಟಿರುವುದು ಈಗಾಗಲೇ ಮೂವತ್ತು ವರ್ಷ ವಿದೇಶದಲ್ಲಿದ್ದು, ನಿವೃತ್ತಿಯ ದಿನವೇ ಅಲ್ಲಿಂದ ಗಂಟುಮೂಟೆ ಕಟ್ಟಬೇಕಾದವರ ವಿಷಯ.

ಗಲ್ಫಿನಲ್ಲಿ ವಾಸದ ಹಕ್ಕು ಮನುಷ್ಯನಿಗೆ ಅಂಟಿಕೊಂಡಿರುವುದಿಲ್ಲ, ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಮುಗಿದರೆ ವೀಸಾ ಮುಗಿಯಿತು. ಅಷ್ಟು ವರ್ಷ ದುಡಿದ ಬಲದಿಂದ ಅಲ್ಲೇ ಉಳಿಯುವ ಹಕ್ಕು ಹುಟ್ಟುವುದಿಲ್ಲ. ಕುವೈತ್ 2021ರಲ್ಲಿ, ಅರವತ್ತು ದಾಟಿದ, ಪದವಿಯಿಲ್ಲದ ಪರದೇಶಿ ಕೆಲಸಗಾರರ ಪರವಾನಗಿಯನ್ನೇ ನವೀಕರಿಸುವುದಿಲ್ಲವೆಂದು ಕೂತಿತ್ತು. ಗಲಾಟೆಯಾದ ಮೇಲೆ ಅದನ್ನು ದುಬಾರಿ ಶುಲ್ಕ ಮತ್ತು ವಿಮೆಯ ಷರತ್ತಿಗೆ ಇಳಿಸಿತು. ಸೌದಿಯಲ್ಲಿ ಸರಕಾರಿ ವಿಮಾ ಸಂಸ್ಥೆಯ ಪಿಂಚಣಿ ಆ ದೇಶದ ಪ್ರಜೆಗಳಿಗೆ. ಪರದೇಶಿಗೆ ಸಲ್ಲುವುದು ಕೆಲಸದಲ್ಲಿ ಆಗುವ ಅಪಘಾತದ ರಕ್ಷಣೆ ಮಾತ್ರ.

ದುಬೈ ಮಾತ್ರ 2020ರಲ್ಲಿ ‘ರಿಟೈರ್ ಇನ್ ದುಬೈ’ ಎಂಬ ಬಾಗಿಲು ತೆರೆಯಿತು. ವಯಸ್ಸು 55 ಆಗಿರಬೇಕು, ಆರೋಗ್ಯ ವಿಮೆ ಇರಬೇಕು, ತಿಂಗಳಿಗೆ ನಿಗದಿತ ಆದಾಯ ಅಥವಾ 10 ಲಕ್ಷ ದಿರ್ಹಮ್ ಉಳಿತಾಯ ಇರಬೇಕು, ಇಲ್ಲವೇ ಅಷ್ಟು ತೂಕದ ಆಸ್ತಿ. ಸಿಗುವುದು 5 ವರ್ಷದ ವೀಸಾ. ಈ ಬಾಗಿಲ ಎದುರು ನಮ್ಮ ಕಡೆಯ ಒಬ್ಬ ಕೆಲಸಗಾರನನ್ನು ನಿಲ್ಲಿಸಿ ನೋಡೋಣ. ಮೂಲ ವೇತನ 1,500 ದಿರ್ಹಮ್ ಇರುವ ಸ್ಟೋರ್‌ಕೀಪರ್ ಅಂತಿಟ್ಟುಕೊಳ್ಳಿ. ಒಂದೇ ಕಂಪನಿಯಲ್ಲಿ ಮೂವತ್ತು ವರ್ಷ ದುಡಿದಿದ್ದಾನೆ. ಅಲ್ಲಿನ ಕಾನೂನಿನಂತೆ ಗ್ರಾಚ್ಯುಯಿಟಿ ಲೆಕ್ಕ ಹಾಕುವುದು ಮೂಲ ವೇತನದ ಮೇಲೆ. ಬಾಡಿಗೆ, ಓಡಾಟದ ಭತ್ಯೆ ಯಾವುದೂ ಸೇರುವುದಿಲ್ಲ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ನಂತರ ವರ್ಷಕ್ಕೆ 30 ದಿನದ್ದು. ಕೂಡಿಸಿದರೆ 855 ದಿನ, ಅಂದರೆ ಇಪ್ಪತ್ತೆಂಟೂವರೆ ತಿಂಗಳು. ಆದರೆ ಒಟ್ಟು ಎರಡು ವರ್ಷದ ಸಂಬಳ ಮೀರಬಾರದೆಂಬ ಮಿತಿಯಿದೆ. ನಾಲ್ಕೂವರೆ ತಿಂಗಳು ಅಲ್ಲೇ ಕತ್ತರಿಸಿ ಹೋಯಿತು. ಕೈಗೆ ಬಂದದ್ದು 36,000 ದಿರ್ಹಮ್.

ಈಗ ಭಾಗಾಕಾರ ಮಾಡಿ. ಇಂಥ ಇಪ್ಪತ್ತೆಂಟು ಜನ ತಲಾ ಮೂವತ್ತು ವರ್ಷದ ದುಡಿಮೆಯ ಗ್ರಾಚ್ಯುಯಿಟಿಯನ್ನು ಒಟ್ಟು ರಾಶಿ ಹಾಕಿದರೆ, ಅವರಲ್ಲಿ ಒಬ್ಬನಿಗೆ ಆ ಊರಿನಲ್ಲಿ ಮುದುಕನಾಗುವ ಅರ್ಹತೆ ಬರುತ್ತದೆ. ಅದೂ 5 ವರ್ಷದ ಮಟ್ಟಿಗೆ.

ಇದು ಅದೃಷ್ಟವಂತನ ಲೆಕ್ಕ. ಹೆಚ್ಚಿನವರು ಮೂವತ್ತು ವರ್ಷದಲ್ಲಿ ನಾಲ್ಕು ಕಂಪನಿ ಬದಲಿಸಿರುತ್ತಾರೆ. ಪ್ರತಿ ಸಲದ ಗ್ರಾಚ್ಯುಯಿಟಿ ತಂಗಿಯ ಮದುವೆಗೋ ಬಾವಿ ತೋಡಿಸುವುದಕ್ಕೋ ಮಗನ ಕಾಲೇಜು ಸೀಟಿಗೋ ಖರ್ಚಾಗಿರುತ್ತದೆ. ಪೂರ್ತಿ ಉಳಿಯಿತೆಂದೇ ಇಟ್ಟುಕೊಳ್ಳೋಣ: ದಿರ್ಹಮಿಗೆ 23 ರೂಪಾಯಿಯಂತೆ 8.28 ಲಕ್ಷ. ಶೇ 7ರ ಬಡ್ಡಿಗೆ ಇಟ್ಟರೆ ತಿಂಗಳಿಗೆ ಐದು ಸಾವಿರವೂ ಹುಟ್ಟುವುದಿಲ್ಲ. ಊರಿಗೆ ಬಂದು ಕಾಯಂ ನೆಲೆಸಿದ ಮೇಲೆ ಎನ್‌ಆರ್‌ಇ ಖಾತೆಯ ತೆರಿಗೆ ವಿನಾಯಿತಿಯೂ ಹೋಗುತ್ತದೆ. ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕೆಂಬುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ರಜೆಯಲ್ಲಿ ಬಂದಾಗ ಅವನನ್ನು ಒಳಗೆ ಕರೆದು ಕಾಫಿ ಕೊಟ್ಟು ವಿಮೆ ಮಾರುವವರು ಈ ಒಂದು ವಾಕ್ಯವನ್ನು ಮಾತ್ರ ಹೇಳುವುದಿಲ್ಲ.

ಸಾಹಿತ್ಯದ ಓದುಗರಿಗೆ ಇಲ್ಲೊಂದು ಮಾತು ಹೇಳಬೇಕು. ಪೇಟೆಯಲ್ಲಿ ಓದಿದ ಮೊಮ್ಮಗ ಹಳ್ಳಿಗೆ ಹಿಂದಿರುಗುವ ಕಾರಂತರ ‘ಮರಳಿ ಮಣ್ಣಿಗೆ’ ಈ ಕರಾವಳಿಯದೇ ಕಾದಂಬರಿ. ಅದನ್ನು ಓದಿ ಬೆಳೆದ ನಮಗೆ ಊರಿಗೆ ಮರಳುವುದೆಂದರೆ ಒಂದು ನೈತಿಕ ಗೆಲುವು ಎಂಬ ಅಭ್ಯಾಸವಾಗಿಬಿಟ್ಟಿದೆ. ಗಲ್ಫಿನಿಂದ ಬಂದವರ ಬಗ್ಗೆಯೂ ‘ಕೊನೆಗೂ ಮಣ್ಣು ಕರೆಯಿತು’ ಎಂದು ಬರೆಯುತ್ತೇವೆ. ಅವರನ್ನು ಮಣ್ಣು ಕರೆದದ್ದಲ್ಲ, ವೀಸಾ ದೂಡಿದ್ದು. ಬೆನ್ಯಾಮಿನ್ ಮಲಯಾಳದಲ್ಲಿ 2008ರಲ್ಲೇ ‘ಆಡುಜೀವಿತಂ’ ಬರೆದರು. ನಮ್ಮ ನಾಟಕಗಳಲ್ಲಿ ಗಲ್ಫಿನವನೆಂದರೆ ಇವತ್ತಿಗೂ ಅತ್ತರು ಬಳಿದು, ಕಪ್ಪು ಕನ್ನಡಕ ಹಾಕಿ, ಹೊಟ್ಟೆ ಹುಣ್ಣಾಗುವಂತೆ ನಗಿಸುವ ಪಾತ್ರ. ನಗುವವರ ಸಾಲಿನಲ್ಲಿ ಅವನದೇ ಹಣದಲ್ಲಿ ಓದಿದವರೂ ಇರುತ್ತಾರೆ.

ಹಾಗಾದರೆ ದೆಹಲಿ ಏನು ಮಾಡಿತು? 2012ರಲ್ಲಿ ಮಹಾತ್ಮ ಗಾಂಧಿ ಪ್ರವಾಸಿ ಸುರಕ್ಷಾ ಯೋಜನೆ ಬಂತು. ಕೆಲಸಗಾರ ಒಂದಿಷ್ಟು ಕಟ್ಟಿದರೆ ಸರಕಾರವೂ ಒಂದಿಷ್ಟು ಸೇರಿಸಿ ಪಿಂಚಣಿ ಕೂಡಿಸುವ ಯೋಜನೆ. ಸೇರಿದವರು ಕಡಿಮೆ ಎಂಬ ಕಾರಣಕ್ಕೆ 2017ರಲ್ಲಿ ಅದನ್ನು ಮುಚ್ಚಿದರು. ಅಂಗಡಿ ತೆರೆದದ್ದನ್ನು ಯಾರಿಗೂ ಹೇಳದೆ, ಗಿರಾಕಿ ಬರಲಿಲ್ಲವೆಂದು ಬೀಗ ಹಾಕಿದಂತೆ. ಉಳಿದಿರುವುದು ಪ್ರವಾಸಿ ಭಾರತೀಯ ಬಿಮಾ ಯೋಜನೆ. 2017ರ ಪರಿಷ್ಕರಣೆಯಂತೆ ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ. ಒಳ್ಳೆಯದೇ. ಆದರೆ ಬದುಕಿ ವಾಪಸು ಬಂದ ತಪ್ಪಿಗೆ ಏನೂ ಇಲ್ಲ.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಈ ಎರಡು ಯೋಜನೆಗಳೂ ವಲಸೆ ಅನುಮತಿಯ ಮುದ್ರೆ ಬೇಕಾದ ಪಾಸ್‌ಪೋರ್ಟಿನವರಿಗಾಗಿ, ಅಂದರೆ ಮುಖ್ಯವಾಗಿ ಹತ್ತನೇ ತರಗತಿ ದಾಟದವರಿಗಾಗಿ ಮಾಡಿದವು. ಉಡುಪಿ ಜಿಲ್ಲೆ 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲು. ಹಿಂದಿನಿಂದಲೂ ಇಲ್ಲಿ ಶಾಲೆ ಮುಗಿಸಿಯೇ ಬೊಂಬಾಯಿ, ಗಲ್ಫ್ ಎಂದು ಹೊರಟವರು ಬಹಳ. ಎಸ್ಸೆಸ್ಸೆಲ್ಸಿ ಪಾಸಾದದ್ದರಿಂದಲೇ ಅವರು ಆ ರಕ್ಷಣೆಯ ಹೊರಗುಳಿದರು. ಹತ್ತನೇ ತರಗತಿಯ ಅಂಕಪಟ್ಟಿ ಇದ್ದವನು ವಿದೇಶದಲ್ಲಿ ತನ್ನ ಹಕ್ಕು ತಾನೇ ನೋಡಿಕೊಳ್ಳುತ್ತಾನೆ ಎಂದು ಯಾವ ಅಧಿಕಾರಿಗೆ ಹೊಳೆಯಿತೋ.

ಭಾರತ ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಂಡಿರುವ ದೇಶಗಳ ಪಟ್ಟಿ ನೋಡಿ: ಬೆಲ್ಜಿಯಂ, ಜರ್ಮನಿ, ಫ್ರಾನ್ಸ್, ಸ್ವೀಡನ್, ಕೆನಡಾ, ಜಪಾನ್, ಹೀಗೆ ಹೋಗುತ್ತದೆ. ಗಲ್ಫಿನ ಒಂದು ದೇಶವೂ ಅದರಲ್ಲಿಲ್ಲ. ಅಲ್ಲಿ ಪರದೇಶಿಗೆ ಪಿಂಚಣಿಯೇ ಇಲ್ಲದ ಮೇಲೆ ಒಪ್ಪಂದ ಯಾವುದರ ಬಗ್ಗೆ ಎಂದು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ಬಹರೈನ್ 2024ರ ಮಾರ್ಚಿನಿಂದ ಒಂದು ಕೆಲಸ ಮಾಡಿದೆ. ಪರದೇಶಿ ಕೆಲಸಗಾರನ ಸೇವಾಂತ್ಯದ ಹಣವನ್ನು ಮಾಲೀಕ ಕೊನೆಯವರೆಗೆ ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ. ಮೊದಲ ಮೂರು ವರ್ಷ ಸಂಬಳದ ಶೇ 4.2, ಆಮೇಲೆ ಶೇ 8.4ರಂತೆ ತಿಂಗಳು ತಿಂಗಳು ಸರಕಾರಿ ಸಂಸ್ಥೆಗೆ ಕಟ್ಟಬೇಕು. ಕಂಪನಿ ಮುಳುಗಿದರೂ ಕೆಲಸಗಾರನ ದುಡ್ಡು ಮುಳುಗುವುದಿಲ್ಲ. ಪುಟ್ಟ ದ್ವೀಪಕ್ಕೆ ಸಾಧ್ಯವಾದದ್ದನ್ನು ಉಳಿದ ಐದು ದೇಶಗಳ ಮುಂದೆ ಇಡಲು ದೆಹಲಿಗೆ ನಾಲಿಗೆ ಬೇಕು, ಅಷ್ಟೆ.

ಇನ್ನು ಬೆಂಗಳೂರು. ಕಾಪುವಿನಿಂದ ಹೆದ್ದಾರಿ 66ರಲ್ಲಿ ತೆಂಕಕ್ಕೆ ಹೊರಟರೆ ಒಂದೂವರೆ ಗಂಟೆಯ ಸುಮಾರಿಗೆ ತಲಪಾಡಿ. ಗಡಿ ದಾಟಿದರೆ ಮಂಜೇಶ್ವರ. ಅಲ್ಲಿಯೂ ತುಳು, ಕನ್ನಡ, ಬ್ಯಾರಿ, ಕೊಂಕಣಿ. ಅಲ್ಲಿಂದಲೂ ಜನ ಅದೇ ದುಬೈಗೆ, ಅದೇ ದಮ್ಮಾಮಿಗೆ ಹೋದರು. ಬಹುಶಃ ಅದೇ ಕೋಣೆಯ ಮೇಲಿನ ಮಂಚ ಕೆಳಗಿನ ಮಂಚದಲ್ಲಿ ಮಲಗಿದರು. ಕೇರಳ 2008ರಲ್ಲಿ ಅನಿವಾಸಿ ಕೇರಳೀಯರ ಕಲ್ಯಾಣ ಕಾಯ್ದೆ ಮಾಡಿ, ಮಂಡಳಿ ಕಟ್ಟಿತು. ವಿದೇಶದಲ್ಲಿರುವವರು ತಿಂಗಳಿಗೆ 350 ರೂಪಾಯಿ, ಹಿಂದಿರುಗಿದವರು 200 ರೂಪಾಯಿ ಕಟ್ಟಬೇಕು. ಕನಿಷ್ಠ 5 ವರ್ಷ ಕಟ್ಟಿದವರಿಗೆ 60 ತುಂಬಿದ ಮೇಲೆ ಪಿಂಚಣಿ. 2022ರ ಏಪ್ರಿಲಿನಲ್ಲಿ ಅದನ್ನು 3,500 ಮತ್ತು 3,000 ರೂಪಾಯಿಗೆ ಏರಿಸಿದರು. ಮಂಜೇಶ್ವರದವನಿಗೆ ಅದು ಸಿಗುತ್ತದೆ. ಕಾಪುವಿನವನಿಗೆ ಇಲ್ಲ, ಏಕೆಂದರೆ ಕರ್ನಾಟಕ ಅಂಥ ಕಾಯ್ದೆ ಮಾಡಿಲ್ಲ. ನಮಗೆ ಅನಿವಾಸಿ ಭಾರತೀಯ ಸಮಿತಿಯೊಂದಿದೆ. ಅದು ಸಭೆ ಮಾಡುತ್ತದೆ, ಕಷ್ಟದಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ಪತ್ರ ಬರೆಯುತ್ತದೆ. ಆ ಕೆಲಸಕ್ಕೆ ಬೆಲೆಯಿಲ್ಲ ಎನ್ನಲಾರೆ. ಆದರೆ ಪತ್ರವೇ ಬೇರೆ, ಪಿಂಚಣಿಯೇ ಬೇರೆ.

ಮೂರು ಸಾವಿರ ಯಾವ ಮಹಾ ದುಡ್ಡು ಎಂದು ಕೇಳುವವರು ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ತಿಂಗಳ ಮದ್ದಿನ ಚೀಟಿಯನ್ನು ಒಮ್ಮೆ ನೋಡಬೇಕು. ಗಲ್ಫಿನಿಂದ ಬಂದವನ ಲಗೇಜಿನಲ್ಲಿ ಈ ಎರಡು ಕಾಯಿಲೆ ಇದ್ದೇ ಇರುತ್ತವೆ, ತೂಕ ಹಾಕುವುದಿಲ್ಲ ಅಷ್ಟೆ.

ಇನ್ನೊಂದು ವಾದ ಹೆಚ್ಚು ಜಾಣತನದ್ದು: ಅವನು ತಾರಸಿ ಮನೆ ಕಟ್ಟಿಲ್ಲವೆ, ಅವನಿಗೇಕೆ ಸರಕಾರದ ದುಡ್ಡು? ಹೌದು, ಕಟ್ಟಿದ್ದಾನೆ. ಆ ಮನೆಯೇ ಅವನಿಗೆ ಸಂಧ್ಯಾ ಸುರಕ್ಷಾದಂಥ ಬಡವರ ಪಿಂಚಣಿಗೂ ಅಡ್ಡ ನಿಲ್ಲುತ್ತದೆ. ತಾರಸಿ ಮನೆ ಬಡ್ಡಿ ಕೊಡುವುದಿಲ್ಲ. ಮೂರು ಮಳೆಗಾಲಕ್ಕೊಮ್ಮೆ ಸೋರಿ ದುಡ್ಡು ಕೇಳುತ್ತದೆ. ನಾನು ಕೇಳುತ್ತಿರುವುದು ದಾನವನ್ನೂ ಅಲ್ಲ. ಅವನೇ ತಿಂಗಳು ತಿಂಗಳು ಕಟ್ಟುವ, ಸರಕಾರ ಕಾಯ್ದೆಯ ಕಾವಲು ಕೊಟ್ಟು ಒಂದು ಪಾಲು ಸೇರಿಸುವ ನಿಧಿ. ಎನ್‌ಪಿಎಸ್ ಇದೆಯಲ್ಲ, ಅನಿವಾಸಿಗಳೂ ಸೇರಬಹುದಲ್ಲ ಎನ್ನುವವರ ಮಾತು ನಿಜ. ಅದು ಒಳ್ಳೆಯ ಬಾಗಿಲು. ಲೇಬರ್ ಕ್ಯಾಂಪಿನಲ್ಲಿ ಹನ್ನೆರಡು ಗಂಟೆ ದುಡಿದು ಬಂದವನು ಆ ಬಾಗಿಲನ್ನು ತಾನೇ ಹುಡುಕಿಕೊಳ್ಳಲಿ ಎನ್ನುವುದಾದರೆ ಮಾತ್ರ ನನ್ನ ತಕರಾರು. ಕೇರಳದಲ್ಲಿ ಅವನನ್ನು ಹುಡುಕಿಕೊಂಡು ಹೋಗಲು ಒಂದು ಮಂಡಳಿಯಿದೆ.

ಸರಕಾರವನ್ನಷ್ಟೇ ಬೈದರೆ ಸಾಲದು. ನಮ್ಮ ಊರುಗಳಲ್ಲಿ ಬ್ರಹ್ಮಕಲಶಕ್ಕೆ, ಮಸೀದಿಯ ಹೊಸ ಕಟ್ಟಡಕ್ಕೆ, ಇಗರ್ಜಿಯ ಸಭಾಭವನಕ್ಕೆ, ಶಾಲೆಯ ಶತಮಾನೋತ್ಸವಕ್ಕೆ, ಯಕ್ಷಗಾನದ ಸೇವೆ ಆಟಕ್ಕೆ, ಎಲ್ಲಕ್ಕೂ ಗಲ್ಫ್ ಸಮಿತಿ ಎಂಬುದೊಂದಿರುತ್ತದೆ. ಸಂಬಳ ಬಂದ ದಿನವೇ ಫೋನು ಹೋಗುತ್ತದೆ. ಹೆಸರು ಅಮೃತಶಿಲೆಯಲ್ಲಿ ಕೆತ್ತಿಸುತ್ತಾರೆ. ಆ ಸಮಿತಿಗಳಲ್ಲಿ ಎಷ್ಟು ಸಮಿತಿಗಳು ಹಿಂದಿರುಗಿದ ಸದಸ್ಯರಿಗೆಂದು ಒಂದು ನಿಧಿ ಇಟ್ಟಿವೆ? ಕಲ್ಲಿನ ಮೇಲಿನ ಹೆಸರನ್ನು ಔಷಧದಂಗಡಿಯಲ್ಲಿ ತೋರಿಸಿ ಮಾತ್ರೆ ತರಲು ಬರುವುದಿಲ್ಲ.

ಉಳಿತಾಯದ ಪಾಠ ಬೇರೆಯವರಿಂದ ಕಲಿಯಬೇಕಾದ ಜಿಲ್ಲೆಯೂ ಇದಲ್ಲ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ್ದು ಉಡುಪಿಯಲ್ಲಿ. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದರು. ದಿನಕ್ಕೆ ಎರಡಾಣೆ ಉಳಿಸುವವನನ್ನೂ ಹುಡುಕಿಕೊಂಡು ಬ್ಯಾಂಕೇ ಮನೆ ಬಾಗಿಲಿಗೆ ಬರುತ್ತಿತ್ತು. ಬಡವನಿಗೆ ಉಳಿಸುವ ಬುದ್ಧಿಯಿಲ್ಲ ಎಂಬ ಅಂದಿನ ಮಾತಿಗೆ ಕೊಟ್ಟ ಉತ್ತರ ಅದು. 2020ರ ಏಪ್ರಿಲ್ 1ರಂದು ಎರಡೂ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಹೆಸರು ಕಳೆದುಕೊಂಡವು. ಆದರೆ ಆ ಪಾಠ ವಿಲೀನವಾಗಬೇಕಿಲ್ಲ. ಗಲ್ಫಿನವನ ಕೈಗೆ ಬರುವ ದುಡ್ಡು ಬ್ಯಾಂಕಿನ ಮೂಲಕವೇ ಬರುತ್ತದೆ, ಊರಿಗೆ ಕಳಿಸುವುದೂ ಎಕ್ಸ್‌ಚೇಂಜಿನ ಮೂಲಕವೇ. ಕಳಿಸುವಾಗಲೇ 350 ರೂಪಾಯಿ ಬೇರೆ ಖಾತೆಗೆ ಸರಿಯುವಂತೆ ಮಾಡಲು ಇವತ್ತು ಯಾರೂ ಸೈಕಲ್ ತುಳಿಯಬೇಕಾಗಿಲ್ಲ.

ನಮ್ಮ ಮಂತ್ರಿಗಳು, ಶಾಸಕರು ಗಲ್ಫಿನ ಕನ್ನಡ ಸಂಘಗಳ, ತುಳು ಕೂಟಗಳ ಸಮಾರಂಭಗಳಿಗೆ ಹೋಗುತ್ತಲೇ ಇರುತ್ತಾರೆ. ಟಿಕೆಟು, ಹೋಟೆಲು, ಪೇಟ, ಹಾರ ಎಲ್ಲ ಅಲ್ಲಿನವರದೇ ಖರ್ಚು. ಮುಂದಿನ ರಾಜ್ಯೋತ್ಸವಕ್ಕೆ ಅವರನ್ನು ಕರೆಯುವ ಮೊದಲು ಆ ಸಂಘಗಳು ಒಂದು ಪತ್ರ ಬರೆಯಲಿ. ಅನಿವಾಸಿ ಕನ್ನಡಿಗರ ಪಿಂಚಣಿ ಕಾಯ್ದೆಯ ಕರಡನ್ನು ಯಾವ ಅಧಿವೇಶನದಲ್ಲಿ ಮಂಡಿಸುತ್ತೀರಿ, ದಿನಾಂಕ ತಿಳಿಸಿ, ಆಮೇಲೆ ಟಿಕೆಟು ಕಳಿಸುತ್ತೇವೆ ಎಂದು.