ಹೆಡ್‌ಮಾಸ್ತರರ ಕೋಣೆಯಲ್ಲೇ ಮುಗಿದುಹೋಗುವ ಪರೀಕ್ಷೆ

ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯ ಒಂದು ಶಾಲೆ. ಮೇಜಿನ ಮೇಲೆ ಎಂಟನೇ ತರಗತಿಯ ಹಾಜರಿ ಪುಸ್ತಕ. ಎನ್‌ಎಂಎಂಎಸ್ ಪರೀಕ್ಷೆಗೆ ಯಾರ ಹೆಸರು ಕಳಿಸೋದು ಅನ್ನೋ ಲೆಕ್ಕ ನಡೆದಿತ್ತು. “ಈಕಿದು ಬರ‍್ರಿ. ಇಂವಂದೂ ಬರ‍್ರಿ. ಅಂವ ಬ್ಯಾಡ, ಎಲ್ಲಿ ಪಾಸಾಗ್ತಾನ? ಸುಮ್ನ ನಮ್ಮ ರಿಜಲ್ಟ್ ಕೆಡ್ತದ.” ಹತ್ತು ನಿಮಿಷದಲ್ಲಿ ಪಟ್ಟಿ ಮುಗಿಯಿತು. ಬೇರೆ ಕೆಲಸಕ್ಕೆ ಹೋಗಿದ್ದ ನಾನು ಆ ಕೋಣೆಯಲ್ಲೇ ಕೂತಿದ್ದೆ. ಬ್ಯಾಡ ಅನ್ನಿಸಿಕೊಂಡ ಹುಡುಗ ಹೊರಗೆ ಅಂಗಳದಲ್ಲಿ ಆಡುತ್ತಿದ್ದ. ತನ್ನ ಹೆಸರು ಪಟ್ಟಿಯ ತನಕ ಬಂದು ವಾಪಸು ಹೋಯಿತೆಂಬುದು ಅವನಿಗೆ ಗೊತ್ತಾಗಲೇ ಇಲ್ಲ.

ಇಂಥ ಪಟ್ಟಿ ಮಾಡುವ ಅಧಿಕಾರವನ್ನು ಶಾಲೆಗೆ ಯಾರೂ ಕೊಟ್ಟಿಲ್ಲ. ಎನ್‌ಎಂಎಂಎಸ್ ಅಂದರೆ ಬಡ ಪ್ರತಿಭಾವಂತ ಮಕ್ಕಳಿಗೆ ಕೊಡುವ ರಾಷ್ಟ್ರೀಯ ವಿದ್ಯಾರ್ಥಿವೇತನ. 2008ರಲ್ಲಿ ಶುರುವಾದ ಇದರ ದುಡ್ಡು ಕೇಂದ್ರದ್ದು, ಪರೀಕ್ಷೆ ನಡೆಸುವ ಹೊಣೆ ರಾಜ್ಯದ್ದು. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿರಬೇಕು. ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಬಾರದು. ಏಳನೇ ತರಗತಿಯಲ್ಲಿ ಶೇ 55 ಅಂಕ ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ 50 ಸಾಕು. ಇಷ್ಟಿದ್ದರೆ ಆ ಮಗು ಪರೀಕ್ಷೆಗೆ ಕೂರಬಹುದು. ಪಾಸಾಗುವ ಭರವಸೆ ಇದ್ದವರನ್ನಷ್ಟೇ ಕಳಿಸಿ ಎಂದು ನಿಯಮದಲ್ಲಿ ಎಲ್ಲೂ ಇಲ್ಲ. ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000, ನಾಲ್ಕು ವರ್ಷಕ್ಕೆ 48,000 ರೂಪಾಯಿ. ಬುದ್ಧಿಶಕ್ತಿಯ 90 ಪ್ರಶ್ನೆ, ಪಠ್ಯದ 90 ಪ್ರಶ್ನೆ ಸೇರಿ ಮೂರು ತಾಸಿನ ಪರೀಕ್ಷೆ ಅದು. ಆ ಮೂರು ತಾಸಿನ ಪರೀಕ್ಷೆಯನ್ನು ನಾವು ಹೆಡ್‌ಮಾಸ್ತರರ ಕೋಣೆಯ ಹತ್ತು ನಿಮಿಷಕ್ಕೆ ಒಪ್ಪಿಸಿ ಕೂತಿದ್ದೇವೆ.

1963ರಲ್ಲಿ ಶುರುವಾದ ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ 2021ರ ನಂತರ ನಿಂತೇ ಹೋಗಿದೆ. ಹೈಸ್ಕೂಲಿನ ಬಡ ಮಗುವಿಗೆ ಪ್ರತಿಭೆಯ ಹೆಸರಲ್ಲಿ ತೆರೆದಿರುವ ಬಾಗಿಲುಗಳು ಮೊದಲೇ ಕಡಿಮೆ. ಇರುವ ಈ ಬಾಗಿಲಿಗೆ ಶಾಲೆಯೇ ಅಗುಳಿ ಹಾಕಿದರೆ ಹೇಗೆ?

ಶಿಕ್ಷಕರ ಕಷ್ಟ ನನಗೆ ಗೊತ್ತಿದೆ. ನಮ್ಮ ಕಡೆ ಎಷ್ಟೋ ಶಾಲೆಗಳು ನಡೆಯುತ್ತಿರುವುದೇ ಅತಿಥಿ ಶಿಕ್ಷಕರಿಂದ. ಒಂದೊಂದು ಅರ್ಜಿಗೂ ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಹೊಂದಿಸಬೇಕು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇರುತ್ತದೆ. ನೆಟ್ ಇಲ್ಲದ ಊರಿಂದ ಮೇಷ್ಟ್ರು ಮಾನ್ವಿಗೋ ಸಿರವಾರಕ್ಕೋ ಹೋಗಿ ಸೈಬರ್ ಸೆಂಟರಿನಲ್ಲಿ ಕೂತು, ತಮ್ಮ ಕಿಸೆಯಿಂದ ದುಡ್ಡು ಕೊಟ್ಟು ಅರ್ಜಿ ತುಂಬಿದ್ದನ್ನೂ ಕಂಡಿದ್ದೇನೆ. ಅಂಥವರ ಮೇಲೆ ನನ್ನ ಸಿಟ್ಟಿಲ್ಲ. ಎಷ್ಟು ಮಕ್ಕಳು ಕೂತರು ಅಂತ ಕೇಳದೆ ಎಷ್ಟು ಮಂದಿ ಆಯ್ಕೆಯಾದರು ಅಂತ ಮಾತ್ರ ಕೇಳುವ ಇಲಾಖೆಯ ಸಭೆಗಳ ಮೇಲೆ ನನ್ನ ಸಿಟ್ಟು. ಶಾಲೆಯ ಹೆಸರು ಬರುವುದು ಆಯ್ಕೆಯಾದ ಮಕ್ಕಳಿಂದ ಮಾತ್ರ ಎಂದಾದ ಮೇಲೆ, ಗೆಲ್ಲುವ ಕುದುರೆಗಳನ್ನಷ್ಟೇ ಮೇಷ್ಟ್ರು ಓಡಿಸುತ್ತಾರೆ.

ಗೆಲ್ಲುವ ಕುದುರೆ ಯಾವುದು ಎಂದು ಗುರುತಿಸುವುದರಲ್ಲೂ ಮೋಸವಿದೆ. ಓದಿನಲ್ಲಿ ಮುಂದಿರುವ ಮಕ್ಕಳು ಐದನೇ ತರಗತಿ ಮುಗಿಸುವಾಗಲೇ ಪ್ರವೇಶ ಪರೀಕ್ಷೆ ಬರೆದು ಮೊರಾರ್ಜಿ ದೇಸಾಯಿ ವಸತಿ ಶಾಲೆಗೋ ನವೋದಯಕ್ಕೋ ಹೋಗಿರುತ್ತಾರೆ. ಸರ್ಕಾರವೇ ಊಟ, ವಸತಿ ಕೊಡುವ ಶಾಲೆಯ ಮಕ್ಕಳಿಗೆ ಎನ್‌ಎಂಎಂಎಸ್ ಇಲ್ಲ. ಅದು ನ್ಯಾಯವೇ, ಉಳಿದವರಿಗೆ ಜಾಗ ಸಿಗಲಿ ಎಂಬುದೇ ಅದರ ಅರ್ಥ. ಆದರೆ ಊರ ಶಾಲೆಯಲ್ಲಿ ಆ ಉಳಿದ ಮಕ್ಕಳನ್ನು ನೋಡಿ “ಇದ್ದವ್ರೆಲ್ಲಾ ಹೋದ್ರು, ಇವ್ರಾಗ ಏನೈತ್ರಿ” ಅನ್ನುತ್ತಾರೆ. ಯಾರಿಗಾಗಿ ಈ ಯೋಜನೆ ಬಂತೋ ಅವರನ್ನೇ ಸೋಸಿ ಚೆಲ್ಲುತ್ತಾರೆ.

ಇನ್ನೊಂದು ಅಂತರವೂ ಇದೆ. ರಾಯಚೂರು ನಗರದ ಮಗು ಎಂಟನೆಯದನ್ನು ಬಹುಪಾಲು ಹೈಸ್ಕೂಲಿನಲ್ಲಿ ಓದುತ್ತದೆ. ಅಲ್ಲಿ ಗಣಿತ, ವಿಜ್ಞಾನಕ್ಕೆ ಬೇರೆ ಬೇರೆ ಶಿಕ್ಷಕರಿರುತ್ತಾರೆ. ಹಳ್ಳಿಯ ಎಷ್ಟೋ ಮಕ್ಕಳ ಎಂಟನೇ ತರಗತಿ ಹಿರಿಯ ಪ್ರಾಥಮಿಕ ಶಾಲೆಯ ಕೊನೆಯ ಕೋಣೆಯಲ್ಲಿ ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಪರೀಕ್ಷೆ ಬರುತ್ತಿರುವುದು ಡಿಸೆಂಬರ್, ಜನವರಿಯ ಆಸುಪಾಸು, ಅರ್ಜಿ ಅದಕ್ಕೂ ಮೊದಲು. ಆ ಹೊತ್ತಿಗೆ ದೇವದುರ್ಗ, ಮಾನ್ವಿಯ ಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ. ಮಕ್ಕಳ ಕೈ ಅಲ್ಲಿರುತ್ತದೆ. ಕೆಲವು ಮನೆಗಳಿಗಂತೂ ಬೀಗ ಬಿದ್ದು, ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗುವವರು ಯಾರು? ಹಾಜರಿಯಲ್ಲಿ ಕೆಂಪು ಗೆರೆ ಬಿದ್ದ ಹುಡುಗ ಪಟ್ಟಿಯಿಂದ ಮೊದಲು ಉದುರುತ್ತಾನೆ. ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದದ್ದು ಎಂದು ಗುರುತಿಸಿದ ತಾಲ್ಲೂಕು ದೇವದುರ್ಗ. ಗುಳೆ ಹೋದವರ ಮಗನನ್ನು ಗೈರುಹಾಜರಿಯ ನೆಪದಲ್ಲಿ ಬಿಟ್ಟರೆ, ಬಡತನಕ್ಕೆ ನಾವೇ ದಂಡ ಹಾಕಿದ ಹಾಗೆ.

ಓದದ ಹುಡುಗನನ್ನು ಕೂರಿಸಿ ಏನು ಉಪಯೋಗ ಎಂದು ಕೇಳುವವರು ಅಮೆರಿಕದ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಆದದ್ದನ್ನು ತಿಳಿಯಲಿ. ಅಲ್ಲಿ ಪ್ರತಿಭಾವಂತರ ತರಗತಿಗೆ ಮಕ್ಕಳನ್ನು ಸೂಚಿಸುತ್ತಿದ್ದವರು ಶಿಕ್ಷಕರು ಮತ್ತು ಪಾಲಕರು. 2005ರಲ್ಲಿ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಒಂದೇ ಪರೀಕ್ಷೆ ಕೊಡಲು ಶುರುಮಾಡಿದರು. ಬಡವರ, ಕಪ್ಪು ಜನರ, ಸ್ಪ್ಯಾನಿಶ್ ಮಾತಾಡುವ ಮನೆಗಳ ಎಷ್ಟೋ ಮಕ್ಕಳು ಆಗ ಹೊಸದಾಗಿ ಆಯ್ಕೆಯಾದರು. ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಆ ಮಕ್ಕಳಲ್ಲಿ ಬುದ್ಧಿ ಮೊದಲೂ ಇತ್ತು, ಮೇಷ್ಟ್ರ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮ ಮೇಷ್ಟ್ರ ಕಣ್ಣು ಅವರಿಗಿಂತ ಬೇರೆಯೇನಲ್ಲ. ಸ್ವಚ್ಛ ಯೂನಿಫಾರ್ಮು, ಮುಂದಿನ ಬೆಂಚು, ಕೇಳಿದ ಕೂಡಲೇ ಉತ್ತರ, ಇವನ್ನೇ ನಾವು ಜಾಣತನ ಅಂದುಕೊಂಡಿದ್ದೇವೆ.

ಆಯ್ಕೆಯಾದ ಮೇಲೂ ಕಂಟಕ ತಪ್ಪುವುದಿಲ್ಲ. ಮಗು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನೋಂದಣಿ ಮಾಡಬೇಕು, ಅದನ್ನು ಮೊದಲು ಶಾಲೆ, ಆಮೇಲೆ ಜಿಲ್ಲೆ ಪರಿಶೀಲಿಸಬೇಕು. ಪ್ರತಿ ವರ್ಷ ನವೀಕರಣವೂ ಆಗಬೇಕು. ಶಾಲೆಯಲ್ಲಿ ಯಾರೋ ಒಬ್ಬರು ಗಡುವು ಮರೆತರೆ, ಗೆದ್ದ ಮಗುವಿನ ಕೈಗೂ ದುಡ್ಡು ಬರುವುದಿಲ್ಲ. ಇದಕ್ಕೆ ಯಾರೂ ಉತ್ತರ ಹೇಳಬೇಕಾಗಿಲ್ಲ, ಯಾರಿಗೂ ನೋಟಿಸ್ ಬರುವುದಿಲ್ಲ.

ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಆ ಬೇಡಿಕೆಯ ಜೊತೆ ನಾನೂ ಇದ್ದೇನೆ. ಆದರೆ ನಾಳೆ ಆ ಏಮ್ಸ್‌ನಲ್ಲಿ ಓದುವ ಮಗು ಇವತ್ತು ಎಂಟನೇ ತರಗತಿಯ ಯಾವ ಬೆಂಚಿನಲ್ಲಿ ಕೂತಿದೆ ಎಂದೂ ನಾವು ಕೇಳಬೇಕಲ್ಲವೇ?

ಮಾಡಬೇಕಾದದ್ದು ದೊಡ್ಡದೇನಲ್ಲ. ಏಳನೇ ತರಗತಿಯ ಅಂಕ ಮಕ್ಕಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲೇ ಇದೆ. ಅರ್ಹರಾದ ಪ್ರತಿ ಮಗುವಿನ ಹೆಸರೂ ತಾನಾಗಿ ಪರೀಕ್ಷೆಗೆ ನೋಂದಣಿಯಾಗಲಿ. ಬೇಡವೆನ್ನುವ ಹಕ್ಕು ಪಾಲಕರಿಗಿರಲಿ, ಶಾಲೆಗೆ ಬೇಡ. ಯಾರನ್ನಾದರೂ ಬಿಟ್ಟರೆ ಆ ಹೆಸರನ್ನೂ ಕಾರಣವನ್ನೂ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಓದಿ ಹೇಳಲಿ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ ಇನ್ನುಮುಂದೆ ಶಾಲೆಯನ್ನು ಅಳೆಯುವಾಗ ಅರ್ಹರಲ್ಲಿ ಎಷ್ಟು ಮಂದಿ ಕೂತರು ಎಂದು ಮೊದಲು ಕೇಳಲಿ. ಪ್ರಮಾಣಪತ್ರ, ಬ್ಯಾಂಕ್ ಖಾತೆಯ ಕೆಲಸ ಶಾಲೆ ಶುರುವಾದ ಜೂನ್‌ನಲ್ಲೇ ಮುಗಿಯಲಿ. ಹತ್ತಿ ಇನ್ನೂ ಬಿಟ್ಟಿರುವುದಿಲ್ಲ, ಮಕ್ಕಳು ಆಗ ಊರಲ್ಲೇ ಇರುತ್ತಾರೆ.