ಕಾಗದ ಮಾಡಿದ ಊರಿಗೆ ಪುಸ್ತಕ ಬೇಡವೇ?

ಕಳೆದ ವರ್ಷ ಭದ್ರಾವತಿ ತಾಲೂಕಿನ ಹಳ್ಳಿಯೊಂದಕ್ಕೆ ಸಂಬಂಧಿಕರ ಮನೆಯ ಮದುವೆಗೆಂದು ಹೋಗಿದ್ದೆ. ಸಂಜೆ ಮಾಡಲು ಕೆಲಸವಿರಲಿಲ್ಲ. ಅಂದಿನ ಪತ್ರಿಕೆ ನೋಡೋಣವೆಂದು ಪಂಚಾಯಿತಿ ಗ್ರಂಥಾಲಯ ಹುಡುಕಿಕೊಂಡು ಹೊರಟೆ. ಹುಡುಕುವುದು ಕಷ್ಟವಾಗಲಿಲ್ಲ. ಗೋಡೆಯ ತುಂಬ ಬಣ್ಣದ ಚಿತ್ರಗಳು. ಪುಸ್ತಕ ಹಿಡಿದ ಮಗು, ಪುಸ್ತಕದಿಂದ ಹಾರುವ ಹಕ್ಕಿ, ರಾಷ್ಟ್ರನಾಯಕರ ಮುಖಗಳು. ಬಾಗಿಲಿಗೆ ಮಾತ್ರ ಬೀಗ. ಎದುರಿನ ಬೀಡಾ ಅಂಗಡಿಯವನು, "ಸಾರ್, ಮೇಡಂ ಪಂಚಾಯ್ತಿ ಆಫೀಸಲ್ಲಿ ಕೂತವ್ರೆ, ಅದ್ಯಾವುದೋ ಸರ್ವೇದು ಕಂಪ್ಯೂಟರ್‌ಗೆ ಹಾಕ್ತಾವ್ರೆ" ಎಂದ.

ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಮೊದಲ ನೋಟಿಸು ಹೋಗುವುದು ಆ ಮೇಲ್ವಿಚಾರಕಿಗೆ. ತಪ್ಪು ಆಕೆಯದಲ್ಲ.

ಮರುದಿನ ಬಾಗಿಲು ತೆರೆಯಿತು. ಮದುವೆ ಮನೆಯ ಗಲಾಟೆ ತಪ್ಪಿಸಿಕೊಂಡು ಎರಡು ದಿನ ಅಲ್ಲಿಯೇ ಕುಳಿತೆ. ಬಂದವರೊಡನೆ, ಬಾರದವರೊಡನೆಯೂ ಮಾತನಾಡಿದೆ. ಕೇಳಿದ್ದು ಒಂದೇ ಪ್ರಶ್ನೆ: ಇದು ಚೆನ್ನಾಗಿ ನಡೆಯಬೇಕಾದರೆ ಏನಾಗಬೇಕು? ಹಳ್ಳಿಯ ಗ್ರಂಥಾಲಯಗಳ ಬಗ್ಗೆ ರಾಜಧಾನಿಯಲ್ಲಿ ಸಭೆ ಮಾಡುವವರು ಯಾರೂ ಈ ಪ್ರಶ್ನೆಯನ್ನು ಹಳ್ಳಿಯವರಿಗೆ ಕೇಳಿದಂತೆ ಕಾಣಲಿಲ್ಲ. ಏಕೆಂದರೆ ಎಲ್ಲರಲ್ಲಿಯೂ ಉತ್ತರ ಸಿದ್ಧವಿತ್ತು.

ಕಾಗದ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿಗೆ ಬೇಕಾದದ್ದು ಬೆನ್ನು ಕೊಟ್ಟು ಕೂರುವ ಕುರ್ಚಿ, ಒಳ್ಳೆಯ ದೀಪ, ಒಂದಕ್ಕಿಂತ ಹೆಚ್ಚು ದಿನಪತ್ರಿಕೆ. "ಒಂದೇ ಪೇಪರ್ ಓದಿದರೆ ಒಬ್ಬನ ಮಾತೇ ಕೇಳಿದ ಹಾಗೆ" ಎಂದರು. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿರುವ ಹುಡುಗ ಸಾಮಾನ್ಯ ಜ್ಞಾನದ ಪುಸ್ತಕವೊಂದನ್ನು ತೆಗೆದು ತೋರಿಸಿ ನಕ್ಕ. ಅದರಲ್ಲಿ ತೆಲಂಗಾಣ ಇನ್ನೂ ಹುಟ್ಟಿರಲಿಲ್ಲ. ಅಂದರೆ 2014ಕ್ಕಿಂತ ಹಿಂದಿನದು. ಪಿಯುಸಿ ಓದುವ ಹುಡುಗಿ ಒಳಗೆ ಬಂದಿರಲಿಲ್ಲ. ಆಕೆಯ ಮನೆಯಲ್ಲಿಯೇ ಕೇಳಿದೆ. ಪ್ರತ್ಯೇಕ ಕೋಣೆ ಬೇಕೇನೋ ಎಂದು ನಾನೇ ಊಹಿಸಿಕೊಂಡಿದ್ದೆ. ಆಕೆ ಅದನ್ನು ಕೇಳಲೇ ಇಲ್ಲ. "ಮೆಟ್ಟಿಲ ಮೇಲೆ ಗಂಡಸರು ಕೂತಿರ್ತಾರಲ್ಲ ಅಂಕಲ್, ಅವರು ಎದ್ದರೆ ಸಾಕು. ಮತ್ತೆ ಪುಸ್ತಕ ಮನೆಗೆ ಕೊಡಬೇಕು" ಎಂದಳು.

ಅಡಿಕೆ ಸುಲಿಯಲು ಹೋಗುವ ಹೆಂಗಸೊಬ್ಬರ ಮಾತು ಇನ್ನೂ ನೇರವಾಗಿತ್ತು. ಸುಗ್ಗಿಯಲ್ಲಿ ಅವರು ಮನೆ ಸೇರುವುದೇ ರಾತ್ರಿ. ಗ್ರಂಥಾಲಯ ತೆರೆಯುವುದು ಅವರು ದುಡಿಯುವ ಹೊತ್ತಿನಲ್ಲಿ, ಮುಚ್ಚುವುದು ಅವರು ಬರುವುದಕ್ಕೆ ಮೊದಲು. "ನನಗೆ ಓದಕ್ಕೆ ಬರಲ್ಲಣ್ಣ. ಮಗಳು ಓದಿ ಹೇಳ್ತಾಳೆ. ಕಥೆ ಪುಸ್ತಕ ಕೊಟ್ಟರೆ ಕೈ ಸುಲಿತಾ ಇರ್ತದೆ, ಕಿವಿ ಕೇಳ್ತಾ ಇರ್ತದೆ." ಗ್ರಂಥಾಲಯದ ದಾಖಲೆಯಲ್ಲಿ ಈಕೆ ಓದುಗಳಲ್ಲ. ನನ್ನ ಲೆಕ್ಕದಲ್ಲಿ ಓದುಗಳೇ.

ಗಮನಿಸಿ, ಯಾರೂ ಗೋಡೆಗೆ ಬಣ್ಣ ಕೇಳಲಿಲ್ಲ. ಬೇಕೆಂದದ್ದು ಸಮಯ, ಕುರ್ಚಿ, ಹೊಸ ಪುಸ್ತಕ, ಮನೆಗೆ ಒಯ್ಯುವ ಅವಕಾಶ, ನಿರ್ಭಯವಾಗಿ ಹತ್ತಬಹುದಾದ ಮೂರು ಮೆಟ್ಟಿಲು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ.

ಆದರೂ "ಹಣವಿಲ್ಲ" ಎಂಬ ಮಾತು ತಪ್ಪದೇ ಬರುತ್ತದೆ. ಓದುಗರು ದಯವಿಟ್ಟು ತಮ್ಮ ಮನೆಯ ಕಂದಾಯದ ರಸೀದಿಯನ್ನು ಒಮ್ಮೆ ತೆಗೆದು ನೋಡಬೇಕು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರಲ್ಲಿ ಬಂತು. ಆ ಕಾಯ್ದೆಯ ಬಲದಿಂದ ಗ್ರಂಥಾಲಯ ಕರ ಎಂಬುದನ್ನು ನಮ್ಮಿಂದ ವಸೂಲು ಮಾಡಲಾಗುತ್ತಿದೆ. ನೂರು ರೂಪಾಯಿ ಮನೆ ಕಂದಾಯಕ್ಕೆ ಆರು ರೂಪಾಯಿ. ರಸೀದಿಯಲ್ಲಿ ಅದರ ಪಕ್ಕದಲ್ಲಿಯೇ ಭಿಕ್ಷುಕರ ಕರ ಎಂಬ ಇನ್ನೊಂದು ಸಾಲಿದೆ, ಅದು ಮೂರು ರೂಪಾಯಿ. ಇವೆರಡನ್ನು ಅಕ್ಕಪಕ್ಕ ಇಟ್ಟದ್ದರಿಂದಲೋ ಏನೋ, ನಮ್ಮ ಅಧಿಕಾರಿಗಳು ಗ್ರಂಥಾಲಯವನ್ನೂ ಭಿಕ್ಷೆಯ ಬಾಬತ್ತಿಗೇ ಸೇರಿಸಿಬಿಟ್ಟಂತಿದೆ. ಇದು ಭಿಕ್ಷೆಯಲ್ಲ, ಮುಂಗಡವಾಗಿ ಕಟ್ಟಿಸಿಕೊಂಡ ಹಣ. ಅಡಿಕೆ ಸುಲಿಯುವವಳ ಹೆಂಚಿನ ಮನೆಯಿಂದಲೂ ವಸೂಲಾದ ಹಣ. ಎಷ್ಟು ಬಂತು, ಎಲ್ಲಿ ಹೋಯಿತು ಎಂದು ಕೇಳುವುದು ಯಾರ ಮೇಲಿನ ಸಿಟ್ಟೂ ಅಲ್ಲ, ಲೆಕ್ಕ ಕೇಳುವುದು ಅಷ್ಟೇ.

2019ರಲ್ಲಿ ಸರ್ಕಾರ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿತು. ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ಒಂದು ಆದೇಶದಲ್ಲಿ ಮನೆ ಬದಲಿಸಿದವು. ಆಗ ಅನೇಕರು ವಿರೋಧಿಸಿದರು, ನನಗೂ ಅನುಮಾನವಿತ್ತು. ಆದರೆ ಒಪ್ಪಬೇಕಾದದ್ದನ್ನು ಒಪ್ಪಬೇಕು. 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳನ್ನು ಉಚಿತ ಸದಸ್ಯರನ್ನಾಗಿ ಮಾಡಿತು. ಕೊರೋನದಿಂದ ಶಾಲೆ ಮುಚ್ಚಿದ್ದ ದಿನಗಳಲ್ಲಿ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳಿಗೆ ಅಕ್ಷರದ ನಂಟು ಉಳಿದದ್ದು ಇದರಿಂದಲೇ. ಈಗ ಇವುಗಳ ಹೆಸರು 'ಅರಿವು ಕೇಂದ್ರ'. ಹೆಸರು ಚೆನ್ನಾಗಿದೆ. ಅರಿವಿಗೆ ಕೀಲಿಕೈ ಯಾರ ಬಳಿ ಇರಬೇಕು ಎಂಬುದು ಮಾತ್ರ ತೀರ್ಮಾನವಾಗಿಲ್ಲ.

ಮೇಲ್ವಿಚಾರಕರ ಸ್ಥಿತಿಯನ್ನು ನೋಡಿ. ವರ್ಷಾನುಗಟ್ಟಲೆ ಅತ್ಯಲ್ಪ ಗೌರವಧನಕ್ಕೆ ದುಡಿದು, ಕನಿಷ್ಠ ವೇತನಕ್ಕಾಗಿ ಬೀದಿಗಿಳಿದು ಹೋರಾಡಿದವರು ಇವರು. ಪಂಚಾಯಿತಿಯ ಕೈಕೆಳಗೆ ಬಂದ ಮೇಲೆ ಸರ್ವೇಗೆ ಜನ ಬೇಕೇ? ಗ್ರಂಥಾಲಯದವರಿದ್ದಾರೆ. ಕಂದಾಯ ವಸೂಲಿಗೆ ಬೇಕೇ? ಅವರಿದ್ದಾರೆ. ಶಾಲೆಯ ಮೇಷ್ಟ್ರನ್ನು ಜನಗಣತಿಗೆ ಕಳುಹಿಸಿದರೆ ಮಕ್ಕಳ ತಂದೆತಾಯಿ ಗೊಣಗುತ್ತಾರೆ. ಗ್ರಂಥಾಲಯದ ಬಾಗಿಲು ಮುಚ್ಚಿದರೆ ಗೊಣಗುವವರೂ ಇಲ್ಲ. ಆ ಹಳ್ಳಿಯ ಮೇಲ್ವಿಚಾರಕಿ ನನ್ನ ಬಳಿ ಹೇಳಿಕೊಂಡದ್ದು ಒಂದೇ ಮಾತು: "ನನಗೆ ಪುಸ್ತಕ ಆರಿಸೋ ಅಧಿಕಾರ ಇಲ್ಲ ಸಾರ್. ಬಂದದ್ದನ್ನು ಜೋಡಿಸೋದು." ಊರಿನಲ್ಲಿ ಯಾರು ಏನು ಓದುತ್ತಾರೆಂದು ಬಲ್ಲ ಏಕೈಕ ವ್ಯಕ್ತಿಗೆ ಒಂದು ಪುಸ್ತಕ ಆರಿಸುವ ಹಕ್ಕಿಲ್ಲ! ಆರಿಸುವವರು ಆ ಊರನ್ನು ನೋಡಿಯೇ ಇಲ್ಲ.

ಇನ್ನು ಮೊಬೈಲ್ ವಾದ. 'ಈಗ ಯಾರ್ರೀ ಓದ್ತಾರೆ, ಎಲ್ಲ ಮೊಬೈಲಲ್ಲೇ ಇದೆ' ಎನ್ನುವವರು ಪ್ರತಿ ಸಭೆಯಲ್ಲಿಯೂ ಇರುತ್ತಾರೆ. ಸರ್ಕಾರವೂ 2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ತೆರೆಯಿತು. ಅದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಹಳ್ಳಿಯ ಮನೆಯಲ್ಲಿ ಮೊಬೈಲ್ ಯಾರ ಕೈಯಲ್ಲಿರುತ್ತದೆ? ಅಪ್ಪನ ಕೈಯಲ್ಲಿ, ಅಪ್ಪ ಬಿಟ್ಟರೆ ಅಣ್ಣನ ಕೈಯಲ್ಲಿ. ಹುಡುಗಿಯ ಸರದಿ ಬರುವಷ್ಟರಲ್ಲಿ ಚಾರ್ಜ್ ಮುಗಿದಿರುತ್ತದೆ. ಪುಸ್ತಕಕ್ಕೆ ಯಾರೂ ಪಾಸ್‌ವರ್ಡ್ ಹಾಕುವುದಿಲ್ಲ. ಈ ವಾದ ಮಾಡುವ ಬಹುಪಾಲು ಮಂದಿಯ ಮಕ್ಕಳು ಶಿವಮೊಗ್ಗದಲ್ಲಿ ಸಾವಿರಾರು ರೂಪಾಯಿ ಕೊಟ್ಟು ಖಾಸಗಿ ರೀಡಿಂಗ್ ರೂಮುಗಳಲ್ಲಿ ಕುಳಿತು ಓದುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇನೆ.

ಭದ್ರಾವತಿಯ ವಿಷಯದಲ್ಲಿ ಇದು ಇನ್ನಷ್ಟು ನೋಯಿಸುತ್ತದೆ. 1923ರಲ್ಲಿ ಇಲ್ಲಿ ಕಬ್ಬಿಣ ಕರಗಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಮುಂದೆ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟ್ ಕೂಡ ಇಲ್ಲಿಯೇ ತಯಾರಾಯಿತು. ನಾಡಿನ ಪತ್ರಿಕೆ, ಪುಸ್ತಕ, ನೋಟುಬುಕ್ಕುಗಳಿಗೆ ಈ ಊರು ತನ್ನ ನದಿಯ ನೀರನ್ನೂ ಸುತ್ತಲ ಕಾಡನ್ನೂ ಕೊಟ್ಟಿತು. ಕನ್ನಡ, ಉರ್ದು, ತಮಿಳು, ತೆಲುಗು, ಮಲಯಾಳಂ ಆಡುವವರು ಒಂದೇ ಪಾಳಿಯಲ್ಲಿ ದುಡಿದರು. 2015ರಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ಮಾತು ಬಂದು, ಕಾರ್ಮಿಕರು ಹೋರಾಟಕ್ಕಿಳಿಯಬೇಕಾಯಿತು. ಕಾರ್ಖಾನೆಯ ಕೆಲಸ ಇಲ್ಲವಾದ ಮನೆಯ ಮಗನಿಗೆ ಉಳಿದ ದಾರಿ ಪರೀಕ್ಷೆ ಬರೆದು ನೌಕರಿ ಹಿಡಿಯುವುದು. ಆ ಹುಡುಗನ ಕೈಗೆ ನಾವು ಕೊಡುತ್ತಿರುವುದು ತೆಲಂಗಾಣ ಹುಟ್ಟದ ಪುಸ್ತಕ.

ಈಗ ನಮ್ಮವರಿಗೆ ಎರಡು ಮಾತು. ರಬೀಉಲ್ ಅವ್ವಲ್ ತಿಂಗಳು ಬಂದರೆ ಪ್ರತಿ ಸೀರತ್ ಸಭೆಯಲ್ಲಿಯೂ ಮೊದಲ ಆದೇಶವೇ 'ಓದು' ಎಂಬುದಾಗಿತ್ತೆಂದು ಭಾಷಣ ಕೇಳುತ್ತೇವೆ. ಸಭೆ ಮುಗಿದ ಮೇಲೆ ಆ ಬೀದಿಯಲ್ಲಿ ಒಂದು ಓದುವ ಕೋಣೆ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಶಾದಿ ಮಹಲಿಗೆ ಚಂದಾ ಎತ್ತಲು ಮನೆಮನೆಗೆ ಬರುವವರು ಪುಸ್ತಕದ ಕಪಾಟಿಗೆಂದು ಬಂದದ್ದನ್ನು ನಾನು ನೋಡಿಲ್ಲ. ಸಮುದಾಯ ಭವನಗಳನ್ನು ಕಟ್ಟುವ ಇತರ ಸಮಾಜಗಳದ್ದೂ ಇದೇ ಕಥೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ಅದರಿಂದ ನಮಗೆ ಆಗುವ ಲಾಭವೇನು?

ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಸರ್ಕಾರಿ ಗ್ರಂಥಾಲಯ ಕನ್ನಡದವರದು, ನಮಗಲ್ಲ ಎಂಬ ಭಾವನೆ. ಬಾನು ಮುಷ್ತಾಕ್ ಎಂಟು ವರ್ಷದ ಹುಡುಗಿಯಾಗಿ ಕನ್ನಡ ಶಾಲೆಗೆ ಸೇರಿದ್ದು ಇದೇ ಶಿವಮೊಗ್ಗದಲ್ಲಿ. ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂಬುದು ಶಾಲೆಯ ಷರತ್ತಾಗಿತ್ತು. ಆಕೆ ಕೆಲವೇ ದಿನಗಳಲ್ಲಿ ಬರೆಯತೊಡಗಿದರು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಜಿಲ್ಲೆಯಲ್ಲೆಲ್ಲ ಅಭಿನಂದನೆಯ ಮಾತು. ನಾನು ಆ ಹಳ್ಳಿಯ ಕಪಾಟಿನಲ್ಲಿ ಅವರ ಪುಸ್ತಕ ಹುಡುಕಿದೆ. ಇರಲಿಲ್ಲ. ಸಾರಾ ಅಬೂಬಕರ್ ಇರಲಿಲ್ಲ, ಬೊಳುವಾರು ಮಹಮದ್ ಕುಂಞಿ ಇರಲಿಲ್ಲ. ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ ನಿಸಾರ್ ಅಹಮದ್ ಅವರದು ಒಂದಿತ್ತು, ಮುಖಪುಟ ಹರಿದಿತ್ತು. ಹರಿದಿದ್ದರೆ ಸಂತೋಷವೇ, ಯಾರೋ ಓದಿದ್ದಾರೆ. ಉರ್ದು ಶಾಲೆಯಲ್ಲಿ ಓದಿದ ಅಜ್ಜಿಯಂದಿರಿಗಾಗಿ ಒಂದು ಉರ್ದು ಪತ್ರಿಕೆ, ಹತ್ತು ಉರ್ದು ಪುಸ್ತಕ ಕೇಳುವುದೂ ಅನ್ಯಾಯದ ಬೇಡಿಕೆಯಲ್ಲ. ತಮಿಳು ಮನೆಗಳಿರುವಲ್ಲಿ ತಮಿಳಿನದೂ ಇರಲಿ. ಭದ್ರಾವತಿಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ವಿಚಿತ್ರ.

ಮೈಸೂರಿನ ರಾಜೀವನಗರದ ಸೈಯದ್ ಇಸಾಕ್ ಅವರನ್ನು ನೆನೆಯಿರಿ. ಶಾಲೆಯ ಮುಖ ಕಾಣದ ಕೂಲಿಕಾರ್ಮಿಕ. ತಾನು ಓದಲಿಲ್ಲ, ಬೇರೆಯವರಾದರೂ ಓದಲಿ ಎಂದು ಸ್ವಂತ ದುಡಿಮೆಯಿಂದ ಸಾರ್ವಜನಿಕ ಗ್ರಂಥಾಲಯ ನಡೆಸಿದವರು. 2021ರ ಏಪ್ರಿಲಿನಲ್ಲಿ ಅದು ಸುಟ್ಟುಹೋಯಿತು. ಹನ್ನೊಂದು ಸಾವಿರದಷ್ಟು ಪುಸ್ತಕಗಳು ಬೂದಿಯಾದವು, ಅವುಗಳಲ್ಲಿ ಬಹುಪಾಲು ಕನ್ನಡದವು. ಜಾತಿ ಮತ ನೋಡದೆ ದೇಶದ ಮೂಲೆಮೂಲೆಗಳಿಂದ ಜನ ನೆರವಿಗೆ ಬಂದರು. ಒಬ್ಬ ಕೂಲಿಯವನಿಗೆ ಹೊಳೆದದ್ದು ನಮ್ಮ ಜಮಾಅತ್‌ಗಳಿಗೆ, ಸಂಘಗಳಿಗೆ ಏಕೆ ಹೊಳೆಯಲಿಲ್ಲ?

ನೆರೆಯ ಕೇರಳದಲ್ಲಿ 1945ರಲ್ಲಿ ಪಿ.ಎನ್. ಪಣಿಕ್ಕರ್ ಊರೂರಿನ ಗ್ರಂಥಾಲಯಗಳನ್ನು ಒಂದು ಸಂಘಟನೆಯಾಗಿ ಕಟ್ಟಿದರು. ಅಲ್ಲಿ ಗ್ರಂಥಾಲಯ ಎಂದರೆ ಊರಿನ ಸದಸ್ಯರು ಆರಿಸಿದ ಸಮಿತಿ ನಡೆಸುವ ಸಂಸ್ಥೆ, ಸರ್ಕಾರ ಸಹಾಯಧನ ಕೊಡುತ್ತದೆ. ಇಲ್ಲಿ ಸರ್ಕಾರವೇ ನಡೆಸುತ್ತದೆ, ಊರು ದೂರ ನಿಂತು ನೋಡುತ್ತದೆ. ಹಾಗೆಂದು ನಮಗೆ ಇದು ಹೊಸದೂ ಅಲ್ಲ. ಶಿವಮೊಗ್ಗದ ಕರ್ನಾಟಕ ಸಂಘ 1930ರಲ್ಲಿ ಹುಟ್ಟಿದ್ದು ಯಾವ ಸರ್ಕಾರಿ ಸುತ್ತೋಲೆಯಿಂದಲೂ ಅಲ್ಲ. 1949ರಲ್ಲಿ ಹೆಗ್ಗೋಡಿನಂಥ ಪುಟ್ಟ ಹಳ್ಳಿಯಲ್ಲಿ ನೀನಾಸಂ ಕಟ್ಟಿದವರೂ ಅನುದಾನಕ್ಕೆ ಕಾದು ಕೂತಿರಲಿಲ್ಲ. ಊರು ತನ್ನದೆಂದುಕೊಂಡದ್ದು ಉಳಿಯುತ್ತದೆ ಎನ್ನುವುದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ಹಾಗಂತ ಸರ್ಕಾರ ಕೈತೊಳೆದುಕೊಳ್ಳಬಹುದು ಎಂದಲ್ಲ. ಕರ ಕಟ್ಟಿಸಿಕೊಂಡವರು ಖರ್ಚು ಮಾಡಲೇಬೇಕು. ಯಾವುದಕ್ಕೆ ಖರ್ಚು ಎಂಬುದನ್ನು ಮಾತ್ರ ಊರು ಹೇಳಬೇಕು.

ಹೇಳಲು ಜಾಗವೂ ಇದೆ. ಗ್ರಾಮಸಭೆ ಇದೆ, ಮಕ್ಕಳ ಗ್ರಾಮಸಭೆ ಇದೆ. ಎರಡರಲ್ಲಿಯೂ ಚರಂಡಿ ಮತ್ತು ಬೀದಿದೀಪ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗುತ್ತದೆ ಎಂಬುದು ಬೇರೆ ಮಾತು.

ಊರಿನಿಂದ ಹೊರಡುವ ಮುನ್ನ ನಾವು ಐದಾರು ಮಂದಿ ಸೇರಿ ಒಂದು ಹಾಳೆಯಲ್ಲಿ ಬರೆದೆವು. ಸುಗ್ಗಿಯ ತಿಂಗಳುಗಳಲ್ಲಿ ರಾತ್ರಿ ಎಂಟೂವರೆಯವರೆಗೆ ಬಾಗಿಲು ತೆರೆದಿರಬೇಕು. ಮೇಲ್ವಿಚಾರಕಿಯನ್ನು ಬೇರೆ ಕೆಲಸಕ್ಕೆ ಕಳುಹಿಸಬಾರದು. ವರ್ಷದ ಪುಸ್ತಕಗಳಲ್ಲಿ ಅರ್ಧದಷ್ಟನ್ನು ಊರಿನವರು ಬರೆದುಕೊಟ್ಟ ಪಟ್ಟಿಯಿಂದ ತರಬೇಕು. ಹಿಂದಿನ ಮೂರು ವರ್ಷಗಳಲ್ಲಿ ವಸೂಲಾದ ಗ್ರಂಥಾಲಯ ಕರ ಮತ್ತು ಖರ್ಚಿನ ವಿವರವನ್ನು ಗ್ರಂಥಾಲಯದ ಗೋಡೆಯ ಮೇಲೆ, ಆ ಹಕ್ಕಿಯ ಚಿತ್ರದ ಪಕ್ಕದಲ್ಲಿಯೇ ಬರೆಸಬೇಕು. ಪಂಚಾಯಿತಿ ಸದಸ್ಯರೊಬ್ಬರು ಓದಿ, "ಇದೆಲ್ಲ ಆಗೋದಾ ಸಾಹೇಬ್ರೆ?" ಎಂದು ನಕ್ಕರು. ನಿವೃತ್ತ ಕಾರ್ಮಿಕರು ಕನ್ನಡಕ ಏರಿಸಿಕೊಂಡು ಮೊದಲ ಸಹಿ ಹಾಕಿದರು. ಹುಡುಗಿ ಮೂರು ಪುಸ್ತಕಗಳ ಹೆಸರು ಬರೆದು ಅದಕ್ಕೆ ಪಿನ್ ಮಾಡಿದಳು. ಅಭಿವೃದ್ಧಿ ಅಧಿಕಾರಿ ಸ್ವೀಕೃತಿಯ ಮುದ್ರೆ ಹಾಕಿ ಕೊಟ್ಟ ಪ್ರತಿ ನನ್ನ ಬಳಿ ಇದೆ. ಕರದ ಲೆಕ್ಕವನ್ನು ಮುಂದಿನ ಗ್ರಾಮಸಭೆಗೆ ತರುತ್ತೇನೆಂದು ಅವರು ಹೇಳಿದ್ದಾರೆ. ಅಂದು ಆ ಹಳ್ಳಿಗೆ ಹೋಗುವುದಾಗಿ ನಾನೂ ಹೇಳಿ ಬಂದಿದ್ದೇನೆ.