ಮನಿ ನೋಡೂದಿದ್ರ ಹಿತ್ತಲದಿಂದ ನೋಡ್ರಿ

ಮನಿ ನೋಡಾಕ ಹೋದವರೆಲ್ಲಾ ಪಡಸಾಲ್ಯಾಗ ನಿಂತ ಮ್ಯಾಲೆ ನೋಡ್ತಾರ. ಪಿಓಪಿ ಮಾಡ್ಸ್ಯಾರ, ಬಣ್ಣದ ಲೈಟ್ ಹಚ್ಚ್ಯಾರ, ಟಿವಿ ಇಡಾಕ ಬ್ಯಾರೆ ಗ್ವಾಡಿನ ಐತಿ. "ಭಾಳ ಛಲೋ ಐತಿ" ಅಂತ ಅಲ್ಲೇ ಮಾತ ಮುಗಸ್ತಾರ. ಅಡಗಿಮನಿಗೆ ಬರೂದು ಕಡೀಕ. ಬಂದ್ರೂ ಬಾಗಲದಾಗ ನಿಂತ ಹಣಿಕಿ ಹಾಕಿ ಹೋಗ್ತಾರ.

ಅಕ್ಕಾರ, ತಂಗ್ಯಾರ, ನನ್ನ ತಕರಾರ ಇದ ನೋಡ್ರಿ. ಪಡಸಾಲ್ಯಾಗ ಬೀಗರು ಬಂದ್ರ ಅರ್ಧಾ ತಾಸ ಕುಂದರತಾರ. ಅಡಗಿಮನಿ, ಬಚ್ಚಲಾ, ಹಿತ್ತಲದಾಗ ನಾವು ದಿನಾ ಆರೇಳ ತಾಸ ನಿಂದರತೀವಿ. ಹಂಗಿದ್ದ ಮ್ಯಾಲೆ ಮನಿ ಯಾರ ಸಲುವಾಗಿ ಆರಿಸಬೇಕು?

ಮೊದಲ ನೀರ ಕೇಳ್ರಿ. ಹುಬ್ಬಳ್ಳಿ-ಧಾರವಾಡದಾಗ ವಾರಗಟ್ಟಲೆ ನಳಾ ಕಾಯೂ ಓಣಿ ನಮಗೇನ ಹೊಸಾವಲ್ಲ. ಪ್ಯಾಟ್ಯಾಗ ಒಬ್ಬರಿಗೆ ದಿನಕ್ಕ 135 ಲೀಟರ್ ಬೇಕಂತ ಸರಕಾರದ್ದ ಲೆಕ್ಕ ಐತಿ. ನಾಕ ಮಂದಿಗೆ ದಿನಕ್ಕ 540, ಏಳ ದಿನಕ್ಕ 3,780 ಲೀಟರ್ ಆತು. ಸಾವಿರ ಲೀಟರಿನ ಸಂಪ್ ತೋರಿಸಿ "ನೀರಿಂದೇನೂ ತ್ರಾಸಿಲ್ರಿ" ಅನ್ನಾವ್ರಿಗೆ ಈ ಲೆಕ್ಕ ಹೇಳ್ರಿ. ಎರಡ ದಿನದಾಗ ತಳಾ ಕಾಣತೈತಿ.

ಆಮ್ಯಾಲೆ ಒಲಿ ಕಟ್ಟಿ. ಮೊಣಕೈಗಿಂತ ನಾಕ ಬಟ್ಟರೆ ತೆಳಗ ಇರಬೇಕು. ಎತ್ತರ ಕಟ್ಟಿ ಮ್ಯಾಲೆ ದಿನಾ ಇಪ್ಪತ್ತ ಜ್ವಾಳದ ರೊಟ್ಟಿ ಬಡದ ನೋಡ್ರಿ, ವರ್ಷ ತುಂಬೂದ್ರೊಳಗ ಭುಜಾ ಹಿಡಿತಾವ. ಒಲಿ ಆಗ್ನೇಯ ಮೂಲ್ಯಾಗ ಐತಿ ಅಂತ ಹಿಗ್ಗತಾರ. ಇರಲಿ, ನಾನೂ ವಾಸ್ತು ಬ್ಯಾಡ ಅನ್ನಾಕಿ ಅಲ್ಲ. ಆದ್ರ ಒಗ್ಗರಣಿ ಘಾಟ ಹೊರಗ ಹೋಗಾಕ ಕಿಡಕಿ ಬ್ಯಾಡೇನು? ಸಿಲಿಂಡರಿನ ಗ್ಯಾಸ ಗಾಳಿಗಿಂತ ಭಾರ. ಸೋರಿದ್ರ ನೆಲಕ್ಕ ಇಳದ ಕುಂದರತೈತಿ. ಅದಕ್ಕ ತೆಳಗೂ ಗಾಳಿ ಆಡೂ ಹಾದಿ ಬೇಕು. ಕಟ್ಟಿ ತೆಳಗ ಬಿಗಿ ಕಪಾಟ ಮಾಡಿ ಅದರಾಗ ಸಿಲಿಂಡರ್ ಮುಚ್ಚಿಟ್ಟ ಮನಿ ನನಗಂತೂ ಬ್ಯಾಡ.

ಬಚ್ಚಲದಾಗ ಹೊಳಿಯೂ ಟೈಲ್ಸ್ ಇದ್ರ ಒಂದ ತಂಬಿಗಿ ನೀರ ಚೆಲ್ಲಿ ಕಾಲಿಟ್ಟ ನೋಡ್ರಿ. ಮನ್ಯಾಗ ಅತ್ತಿಯಾರಿದ್ರ ಅಷ್ಟ ಅಲ್ಲ, ನಮಗೂ ವಯಸ್ಸಾಕ್ಕೋತ ಹೊಂಟೈತಿ. ಹಿಂದ ಭಾಂಡೆ ತಿಕ್ಕಾಕ, ಅರಿವಿ ಒಣಾ ಹಾಕಾಕ, ಹಪ್ಪಳಾ ಸಂಡಗಿ ಇಡಾಕ ಬಿಸಲ ಬೀಳೂ ಜಾಗಾ ಇರದಿದ್ರ ಅದು ಸಂಸಾರ ಮಾಡೂ ಮನಿ ಅಲ್ಲ, ಲಾಜಿನ ಖೋಲಿ.

"ಇದ್ದ ರೊಕ್ಕದಾಗ ಎಲ್ಲಾ ಎಲ್ಲಿ ಸಿಗತೈತಿ, ಅಡ್ಜಸ್ಟ್ ಮಾಡ್ಕೋರಿ" ಅಂತಾರ. ಖರೆ, ಎಲ್ಲಾ ಸಿಗೂದಿಲ್ಲ. ಆದ್ರ ಬಿಡೂದು ಮುಂದಿಂದ ಬಿಡ್ರಿ. ಪಿಓಪಿ, ಲೈಟು, ಬಣ್ಣಾ ಮುಂದ ಐದ ವರ್ಷಕ್ಕರೆ ಮಾಡಸಾಕ ಬರತೈತಿ. ಇಲ್ಲದ ಹಿತ್ತಲಾ ಹುಟ್ಟಸಾಕ ಬರೂದಿಲ್ಲ. ಪಕ್ಕದ ಮನಿ ಗ್ವಾಡಿಗೆ ಕಿಡಕಿ ಕೊರ್ಯಾಕ ಬರೂದಿಲ್ಲ. ಬಾಡಿಗಿ ಮನ್ಯಾಗ ಸಂಪ್ ಅಗಸಾಕ ಮಾಲಕ ಒಪ್ಪೂದಿಲ್ಲ. ಮತ್ತ ಈ ಅಡ್ಜಸ್ಟ್ ಅನ್ನೂದು ಯಾವಾಗಲೂ ನಮ್ಮ ಸೊಂಟಕ್ಕ, ನಮ್ಮ ಕಣ್ಣಿಗೆ ಯಾಕ ಬರತೈತಿ?

ಅದಕ್ಕ ಹೇಳ್ತೀನಿ. ಮುಂಗಡ ಕೊಡೂ ಮೊದಲ ಅಡಗಿ ಮಾಡಾಕಿನ್ನ ಕರಕೊಂಡ ಹೋಗ್ರಿ. ಆಕಿ ನಳಾ ತಿರುವಲಿ, ಕಿಡಕಿ ತೆಗೀಲಿ, ಕಟ್ಟಿ ಮುಂದ ನಿಂದರಲಿ. ಆಕಿ ಹೂಂ ಅನ್ನೂತನಕಾ ಯಾರೂ ಕಿಸೆಕ್ಕ ಕೈ ಹಾಕೂದು ಬ್ಯಾಡ.